ಹತ್ತಿ ತಿಂಗಳ ಖಾಲಿ ಪಾಠ

ಹತ್ತಿ ಒಡೆಯುವ ಕಾಲ ಬಂದರೆ ಶಹಾಪುರ, ಸುರಪುರ, ವಡಗೇರಾ ಕಡೆಯ ಹಳ್ಳಿಗಳಲ್ಲಿ ಮಕ್ಕಳು ಶಾಲೆ ಬಿಟ್ಟು ಹೊಲಕ್ಕೆ ಹೋಗುತ್ತಾರೆ. ಇದು ನಿಮಗೆ ಗೊತ್ತಿದೆ. ಬೆಳಗ್ಗೆ ಮೂರು ಗಾಲಿಯ ಟಂಟಂ ಗಾಡಿಗಳು ಹೆಂಗಸರನ್ನು ತುಂಬಿಕೊಂಡು ಹೊರಟಾಗ, ಹಿಂದಿನ ಹಲಗೆಯ ಮೇಲೆ ಇಳಿಬಿದ್ದ ಕಾಲುಗಳಲ್ಲಿ ಕೆಲವು ತೀರಾ ಸಣ್ಣವಿರುತ್ತವೆ. ಅದನ್ನು ನೀವು ನೋಡಿದ್ದೀರಿ. ನೋಡಿ, ಹಾರ್ನ್ ಹೊಡೆದು, ಗಾಡಿಯನ್ನು ಹಿಂದೆ ಹಾಕಿ ಹೋಗಿದ್ದೀರಿ. ಶಾಲೆಯಲ್ಲಿ ಇದಕ್ಕೆ ಗೈರುಹಾಜರಿ ಅನ್ನುತ್ತಾರೆ. ಮಗುವೇ ತಪ್ಪಿಸಿಕೊಂಡು ಓಡಿಹೋಯಿತೇನೋ ಅನ್ನುವ ಹಾಗೆ.

ಹಾರ್ನ್ ಹೊಡೆಯದೆ ಆ ಗಾಡಿಗೆ ಅಡ್ಡ ನಿಂತ ಒಬ್ಬ ಹೆಂಗಸಿದ್ದಾರೆ. ಹೆಸರು ಹಣಮಂತಮ್ಮ. ದೇವಾಪುರದ ರಸ್ತೆ ಬಿಟ್ಟು ಕಾಲುವೆ ಏರಿ ಹಿಡಿದು ಒಳಗೆ ಹೋದರೆ ಸಿಗುವ ಬೇವಿನದೊಡ್ಡಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಅಡ್ಡ ನಿಲ್ಲುವ ಮೊದಲು ಅವರೂ ಒಂದು ತಪ್ಪು ಮಾಡಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ತಪ್ಪು. ಅದನ್ನೂ ಹೇಳಬೇಕು, ಯಾಕೆಂದರೆ ಆ ತಪ್ಪಿಗೆ ನಮ್ಮ ಕಡೆ ಸನ್ಮಾನ ಸಿಗುತ್ತದೆ.

ಹಣಮಂತಮ್ಮ ಹುಟ್ಟಿದ್ದು ವಡಗೇರಾ ಸೀಮೆಯ ಹೊಳೆದಂಡೆಯ ಊರಿನಲ್ಲಿ. ಅಪ್ಪ ಬಲೆ ಹಾಕುತ್ತಿದ್ದವರು. ಕಾಲುವೆ ತೋಡುವ ಕೆಲಸ ಬಂದಾಗ ಬಲೆ ಗೂಟಕ್ಕೆ ಹಾಕಿ, ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಮಣ್ಣು ಹೊರಲು ಹೊರಟರು. ಕಾಲುವೆ ಮುಂದೆ ಹೋದಂತೆ ಅವರ ಗುಡಾರವೂ ಮುಂದೆ ಹೋಯಿತು. ಏರಿಯ ಮೇಲೆ ದೂರ ತಿಳಿಸಲು ನೆಟ್ಟ ಕಲ್ಲುಗಳ ಅಂಕಿ ನೋಡಿ ಹುಡುಗಿ ಎಣಿಸುವುದನ್ನು ಕಲಿತಳು. ಗುಡಾರ ಸರಿದಾಗಲೆಲ್ಲ ಶಾಲೆ ಬದಲಾಗುತ್ತಿತ್ತು. ಪ್ರತಿ ಊರಿನ ಮಾಸ್ತರರೂ ಅವಳ ಹೆಸರನ್ನು ಹಾಜರಿಯ ಕೊನೆಗೆ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಅಳಿಸುವುದಕ್ಕೆ ಸುಲಭ ಅಂತ. ಆ ಕಾಲುವೆಯಲ್ಲಿ ನೀರು ಹರಿದು ನೆಲ ಹಸಿರಾಯಿತು, ನೆಲದ ರೇಟು ಏರಿತು, ಶಹಾಪುರದಲ್ಲಿ ಮಾಳಿಗೆಯ ಮೇಲೆ ಮಾಳಿಗೆ ಎದ್ದವು. ಮಣ್ಣು ಹೊತ್ತವರ ಮಕ್ಕಳ ಹೆಸರು ಮಾತ್ರ ಪೆನ್ಸಿಲಿನಲ್ಲೇ ಉಳಿಯಿತು. ಈ ಹುಡುಗಿ ಹೇಗೋ ಓದಿದಳು, ಟೀಚರಾದಳು.

ಬೇವಿನದೊಡ್ಡಿಯ ಶಾಲೆಯಲ್ಲಿ ಇರುವುದು ಐದನೇ ಕ್ಲಾಸಿನವರೆಗೆ ಮಾತ್ರ. ಇಬ್ಬರು ಶಿಕ್ಷಕರು. ಇನ್ನೊಬ್ಬರು ಹೆಡ್‌ಮಾಸ್ತರ ಅಮರಪ್ಪನವರು, ಕೆಟ್ಟವರಲ್ಲ, ಅಂಜುವವರು. ಶಾಲೆಗೆ ಯಾರೋ ದಾನ ಕೊಟ್ಟ ದೊಡ್ಡ ಟಿವಿ ಅವರ ಕೋಣೆಯ ಮೇಜಿನ ಮೇಲೆ ಹೂವಿನ ಬಟ್ಟೆ ಹೊದ್ದು ಕೂತಿತ್ತು. ಮುಂದೆ ಊದಿನಕಡ್ಡಿಯ ಬೂದಿ. ಉದ್ಘಾಟನೆಯ ದಿನ ಟಿವಿ ಹಚ್ಚಿದ್ದೇ ಕೊನೆ.

ಹಣಮಂತಮ್ಮ ಈ ಶಾಲೆಗೆ ವರ್ಗವಾಗಿ ಬಂದ ಮೊದಲ ಜೂನ್‌ನಲ್ಲೇ ಕೇಳಿದರು. “ಸರ, ಇದನ್ನ ಕ್ಲಾಸಿಗಿ ಒಯ್ತೀನ್ರಿ.”

“ಒಯ್ದು?”

“ಹಚ್ತೀನ್ರಿ.”

“ಹಚ್ಚಿದ್ರ ಕೆಡ್ತದವ್ವ. ಕೆಟ್ರ ಯಾರ ಜವಾಬ್ದಾರಿ?”

“ಈಗೇನು ನೆಟ್ಟಗದ ಅಂತ ಹ್ಯಾಂಗ ಗೊತ್ರಿ ಸರ? ಎರಡು ಮಳಿಗಾಲದಿಂದ ಯಾರೂ ಹಚ್ಚೇ ಇಲ್ಲ.”

ಅಮರಪ್ಪನವರು ಬಟ್ಟೆಯ ಕಡೆ ನೋಡಿದರು. ಈ ಮಾತು ಅವರಿಗೆ ಹೊಳೆದೇ ಇರಲಿಲ್ಲ. ಗಾಬರಿಯಿಂದ ತಾವೇ ಬಟ್ಟೆ ಎತ್ತಿದರು. ಹಿಂದೆ ಹಲ್ಲಿ ತತ್ತಿ ಇಟ್ಟಿತ್ತು. ವೈರು ಚುಚ್ಚಿ ಗುಂಡಿ ಒತ್ತಿದಾಗ ಬೆಳಕು ಬಂತು. “ಹತ್ತ್ಯಾದ! ಹತ್ತ್ಯಾದವ್ವ!” ಎಂದು ಅವರು ಚಿಕ್ಕ ಹುಡುಗನ ಹಾಗೆ ಕೂಗಿದರು. ಅಷ್ಟು ಸಾಕಾಯಿತು. ಟಿವಿ ನಾಲ್ಕು-ಐದನೇ ಕ್ಲಾಸು ಕೂಡುವ ಕೋಣೆಗೆ ಹೋಯಿತು.

ಊರೊಳಗೆ ನೆಟ್‌ವರ್ಕ್ ಇಲ್ಲ. ಕಾಲುವೆ ಏರಿಯ ಮೇಲೆ ಮಾತ್ರ ಸಿಗುತ್ತದೆ. ಹಣಮಂತಮ್ಮ ಬೆಳಗ್ಗೆ ಬರುವಾಗ ಏರಿಯ ಮೇಲೆ ಸ್ಕೂಟಿ ನಿಲ್ಲಿಸಿ, ಅದರ ಮೇಲೇ ಕೂತು, ಆ ದಿನದ ಪಾಠದ ವಿಡಿಯೊ ಫೋನಿಗೆ ಇಳಿಸಿಕೊಳ್ಳುತ್ತಿದ್ದರು. ಆಮೇಲೆ ಅದು ಪೆನ್‌ಡ್ರೈವಿಗೆ, ಅಲ್ಲಿಂದ ಟಿವಿಗೆ. ನೀರು ಕಟ್ಟಲು ಹೊರಟ ಗಂಡಸರು, “ಅಕ್ಕೋರು ಮೀನ ಹಿಡಿಯಾಕತ್ಯಾರ” ಎಂದು ನಗುತ್ತಿದ್ದರು. “ಹೌದ್ರಿ, ನಮ್ಮಪ್ಪನ ಕಸುಬು” ಎಂದು ಇವರೂ ನಗುತ್ತಿದ್ದರು.

ಋತುಗಳ ಪಾಠ ಬಂತು. ಹುಡುಕಿದಾಗ ಸಿಕ್ಕಿದ್ದು ಒಂದು ಚಂದದ ವಿಡಿಯೊ. ವಸಂತಕ್ಕೆ ಸಾಲುಸಾಲು ಬಣ್ಣದ ಹೂವು, ಶರತ್ಕಾಲಕ್ಕೆ ಕೆಂಪಗೆ ಉದುರುವ ಎಲೆ, ಚಳಿಗಾಲಕ್ಕೆ ಹಿಮ. ಮಾತು ಕನ್ನಡದ್ದು, ನೆಲ ಯಾರದೋ. ಹಿಮ ಬಿದ್ದು ಇಡೀ ಪರದೆ ಬೆಳ್ಳಗಾಯಿತು. ಐದನೇ ಕ್ಲಾಸಿನ ಮೋನಮ್ಮ ಎದ್ದು ನಿಂತಳು.

“ಅಕ್ಕೋರ, ಇಷ್ಟ ಹತ್ತಿ ಯಾರ್ರಿ ಬಿಡಸೋರು?”

ಯಾರೂ ನಗಲಿಲ್ಲ. ಹಿಂದೆ ಕೂತ ಹುಡುಗನೊಬ್ಬ ಸಮಾಧಾನ ಹೇಳುವವನ ಹಾಗೆ, “ಬಿಡಸೋದ ಎಲ್ಲಿ ಬಂತಲೇ, ನೆಲಕ್ಕ ಬಿದ್ದದ. ಆರಿಸಬೇಕು. ಬಿದ್ದ ಹತ್ತಿಗಿ ಕಸ ಹತ್ತಿರ್ತದ, ಮತ್ತಿಷ್ಟ ತ್ರಾಸ” ಅಂದ. ಮುಂದೆ ಕೂತವಳೊಬ್ಬಳು ತನ್ನ ಬೆರಳ ತುದಿ ನೋಡಿಕೊಂಡಳು. ಒಣಗಿದ ಹತ್ತಿ ಕಾಯಿಯ ಸಿಪ್ಪೆ ಸೂಜಿಯಂತೆ ಚುಚ್ಚುತ್ತದೆ.

ಹಣಮಂತಮ್ಮ ಟಿವಿ ನಿಲ್ಲಿಸಿದರು. ಹಿಮವನ್ನು ಹತ್ತಿ ಅಂದುಕೊಳ್ಳುವ ಮಗು ಎಲ್ಲಾದರೂ ಇರಬಹುದು. ಹಿಮ ನೋಡಿ ಬೆನ್ನುನೋವು ನೆನೆಸಿಕೊಳ್ಳುವ ಮಗು ಇರುವುದು ನಮ್ಮಂಥ ಸೀಮೆಯಲ್ಲಿ. ನಾವು ಸಾಕಿದ ಮಗು ಅದು.

“ಆತು, ಅದನ್ನ ಬಿಡ್ರಿ. ನಮ್ಮೂರಾಗ ಯಾವ್ಯಾವ ಕಾಲ ಅದಾವ, ಹೇಳ್ರಿ ನೋಡೋಣ.”

“ಬೀಜ ಊರೋ ಕಾಲ್ರಿ!”

“ಕಾಲುವಿಗಿ ನೀರ ಬಿಡೋ ಕಾಲ!”

“ಹತ್ತಿ ಕಾಲ! ಮೆಣಸಿನಕಾಯಿ ಕಾಲ!”

“ಕಾಲುವಿ ಬಂದ್ ಕಾಲ್ರಿ ಅಕ್ಕೋರ, ಆಗ ಏಡಿ ಹಿಡೀತೀವಿ.”

ಎಲ್ಲರ ಗದ್ದಲ ಮುಗಿದ ಮೇಲೆ ಮೋನಮ್ಮ ಕೇಳಿದಳು. “ಸಾಲಿ ಕಾಲ ಯಾವುದ್ರಿ?”

ಶಾಲೆಯ ಕಾಲ ಯಾವುದು ಅನ್ನುವ ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕೇ ಹಣಮಂತಮ್ಮ ಆ ವರ್ಷ ಕಳೆದರು.

ಮೊದಲು ಮಾಡಿದ್ದು ಇದು. ಪ್ರತಿ ಶನಿವಾರ ಶಾಲೆಯ ಮೆಟ್ಟಿಲ ಮೇಲೆ, ಅದೇ ಜಾಗದಲ್ಲಿ, ಫೋನ್ ಹಿಡಿದು ಮುಂದಿನ ಹೊಲ, ಅದರಾಚೆಯ ಕಾಲುವೆ ಏರಿ, ಮೇಲಿನ ಆಕಾಶ ಮೂರನ್ನೂ ವಿಡಿಯೊ ಮಾಡುವುದು. ಆಮೇಲೆ ಫೋನನ್ನು ಒಳಗೆ ತಿರುಗಿಸಿ ಕ್ಲಾಸನ್ನು ತೋರಿಸುವುದು. ಹಿಡಿಯುವವರು ಸರದಿಯ ಮೇಲೆ ಮಕ್ಕಳು. ದನಿ ಮೋನಮ್ಮನದು, ಯಾಕೆಂದರೆ ತೊದಲದೆ ಓದುವವಳು ಅವಳು. ಇದರ ಜೊತೆಗೆ ಏರಿಯ ಮೇಲೆ ಹಿಡಿದುಕೊಂಡು ಬಂದ ಸಾಮಾನು: ಮೋಡ ಎಲ್ಲಿಂದ ಎತ್ತ ಸಾಗುತ್ತಿದೆ ಎಂದು ತೋರಿಸುವ ಹವಾಮಾನದ ನಕ್ಷೆ, ಆಣೆಕಟ್ಟೆಯಲ್ಲಿ ಇವತ್ತು ನೀರು ಎಲ್ಲಿಯವರೆಗೆ ಇದೆ ಅನ್ನುವ ಮಾಹಿತಿ, ಮೇಲಿನಿಂದ ತೆಗೆದ ಉಪಗ್ರಹದ ಚಿತ್ರ. ಬೇಸಿಗೆಯ ಚಿತ್ರದಲ್ಲಿ ಬೇವಿನದೊಡ್ಡಿ ಒಣ ರೊಟ್ಟಿಯ ಬಣ್ಣಕ್ಕಿತ್ತು. ಕಾಲುವೆಗೆ ನೀರು ಬಿಟ್ಟ ಮೇಲಿನದರಲ್ಲಿ ಗೆರೆ ಎಳೆದ ಹಾಗೆ ಒಂದು ಬದಿ ಹಸಿರು, ಇನ್ನೊಂದು ಬದಿ ಹಾಗೇ. ತಮ್ಮ ಮನೆ ಯಾವ ಬದಿಗಿದೆ ಎಂದು ಮಕ್ಕಳು ತಾವೇ ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟರು.

ಕಾಲುವೆಯ ನೀರು ನಮ್ಮಲ್ಲಿ ಚಾಲು-ಬಂದ್ ಲೆಕ್ಕದ್ದು. ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ನೀರು ಚಾಲು ಇರುವ ದಿನ ದೊಡ್ಡವರು ಹೊಲದಲ್ಲಿ, ದೊಡ್ಡ ಹುಡುಗಿಯರು ಮನೆಯಲ್ಲಿ ಕೂಸು ನೋಡುತ್ತ. ಹಣಮಂತಮ್ಮ ತಮ್ಮ ಪಾಠವನ್ನೂ ಅದಕ್ಕೇ ಹೊಂದಿಸಿದರು. ಹೊಸ ಪಾಠ ಬಂದ್ ಇರುವಾಗ, ಓದಿದ್ದನ್ನು ತಿರುಗಿ ನೋಡುವುದು ಚಾಲು ಇರುವಾಗ. ಹೀಗಾಗಿ ಮಳೆಗಾಲವೆಲ್ಲ ಕ್ಲಾಸು ತುಂಬಿತ್ತು. ಹತ್ತಿಯ ಹೂವು ಇವತ್ತು ಕೆನೆಬಣ್ಣಕ್ಕಿದ್ದು ನಾಳೆ ಗುಲಾಬಿಯಾಗುವುದನ್ನು ಮೋನಮ್ಮ ಒಂದೇ ಹೂವಿನ ಮುಂದೆ ಎರಡು ದಿನ ಕೂತು ಹಿಡಿದಳು. ಅದಕ್ಕೆ ಅವಳು ಕೊಟ್ಟ ಮಾತು ಹೀಗಿತ್ತು: “ಇದು ನಿನ್ನಿಯ ಹೂವು. ನಾಚಿಕಿ ಆಗಿ ಕೆಂಪಗಾಗ್ಯಾದ.” ಟಿವಿಯಲ್ಲಿ ತನ್ನ ದನಿ ಕೇಳಿ ಅವಳೂ ಹಾಗೇ ಆದಳು.

ಮೋನಮ್ಮನ ವಿಷಯ ಹೇಳಲೇಬೇಕು, ಯಾಕೆಂದರೆ ಪಣಕ್ಕೆ ಬಿದ್ದದ್ದು ಅವಳು. ತಾಯಿ ಕರೆಮ್ಮ ಕೂಲಿ ಮಾಡುವವರು, ತಂದೆ ಇಲ್ಲ. ದೊಡ್ಡ ಮಗಳು ಐದನೇ ಕ್ಲಾಸಿನಲ್ಲಿರುವಾಗ ಹತ್ತಿಗೆ ಹೋದವಳು ತಿರುಗಿ ಶಾಲೆಗೆ ಬರಲಿಲ್ಲ. ಬೇವಿನದೊಡ್ಡಿಯಲ್ಲಿ ಆರನೇ ಕ್ಲಾಸು ಇಲ್ಲ. ವಸತಿ ಶಾಲೆಗೆ ಸೇರಬೇಕಾದರೆ ಚಳಿಗಾಲ ಮುಗಿಯುವ ಹೊತ್ತಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಅಂದರೆ ಹತ್ತಿ ಕಾಲವೇ ಓದುವ ಕಾಲ. ಆ ತಿಂಗಳು ಹೊಲಕ್ಕೆ ಹೋದರೆ ಮೋನಮ್ಮನ ಓದು ಅಲ್ಲಿಗೆ ಮುಗಿಯಿತು. ಹಣಮಂತಮ್ಮನಿಗೆ ಇದು ಗೊತ್ತಿತ್ತು. ಕರೆಮ್ಮನಿಗೂ ಗೊತ್ತಿತ್ತು.

ದಸರೆಯ ರಜೆ ಮುಗಿದು ಬಾಗಿಲು ತೆರೆದಾಗ ನಾಲ್ಕು-ಐದನೇ ಕ್ಲಾಸಿನಲ್ಲಿ ಬೆರಳೆಣಿಕೆಯ ಮಕ್ಕಳಿದ್ದರು. ಮೋನಮ್ಮ ಇರಲಿಲ್ಲ.

ಹಣಮಂತಮ್ಮ ಮನೆಮನೆಗೆ ಹೋದರು. ಕರೆಮ್ಮ ರೊಟ್ಟಿ ಕಟ್ಟಿಕೊಳ್ಳುತ್ತಿದ್ದರು. “ಹತ್ತಿ ಒಡೆದು ನಿಂತದ್ರಿ ಅಕ್ಕೋರ. ಮಂಜ ಬಿದ್ರ ಕಪ್ಪಾಗ್ತದ. ಭಾಗಣ್ಣ ಜೋಡಿ ಇದ್ರs ಗಾಡಿಗಿ ಹತ್ತಸ್ತಾನ. ನಾ ಏನ ಮಾಡ್ಲಿ?”

ಜೋಡಿ ಅಂದರೆ ತಾಯಿ, ಮಗು. ಇಬ್ಬರಿಗೆ ಸೇರಿಸಿ ಎರಡು ಸಾಲು ಕೊಡುತ್ತಾರೆ. ಮೇಲಿನ ಕಾಯಿ ತಾಯಿಗೆ, ಬಗ್ಗದೆ ಕೈಗೆ ಸಿಗುವ ಕೆಳಗಿನ ಕಾಯಿ ಮಗುವಿಗೆ. ಮಗುವಿನ ಹೆಸರು ಎಲ್ಲೂ ಇರುವುದಿಲ್ಲ, ಬಿಡಿಸಿದ್ದು ತಾಯಿಯ ಉಡಿಗೆ ಸೇರುತ್ತದೆ. ಕೇಳಿದರೆ, ಮಗು ಕೆಲಸಕ್ಕೆ ಬಂದಿಲ್ಲ, ತಾಯಿಯ ಜೊತೆ ಬಂದಿದೆ ಅನ್ನುತ್ತಾರೆ. ಎಷ್ಟು ಚಂದದ ಏರ್ಪಾಡು! ಟಂಟಂ ಓಡಿಸುವ, ಆಳು ಕೂಡಿಸುವ ಭಾಗಣ್ಣ ಇದನ್ನು ಕಂಡುಹಿಡಿದವರಲ್ಲ. ಅವರ ತಂದೆಯ ಕಾಲಕ್ಕೂ ಹೀಗೇ ಇತ್ತು. ಹೊಲದ ಒಡೆಯರು ಸಾಲು ಮುಗಿದರೆ ಸಾಕು ಅನ್ನುತ್ತಾರೆ, ಯಾರ ಕೈ ಮುಗಿಸಿತು ಎಂದು ಕೇಳುವುದಿಲ್ಲ.

ಆಗ ಹಣಮಂತಮ್ಮ ಆ ತಪ್ಪು ಮಾಡಿದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಮಕ್ಕಳ ಹತ್ತಿರ ಹೋಗಲಿ ಎಂದು ಪಾಠಗಳನ್ನು ತಮ್ಮ ದನಿಯಲ್ಲೇ ಮಾಡಿ ತಾಯಂದಿರ ಫೋನಿಗೆ ಕಳಿಸತೊಡಗಿದರು. ಹತ್ತಿಯ ಮೇಲೆ ಲೆಕ್ಕ, ಹತ್ತಿಯ ಮೇಲೆ ಪರಿಸರ ಪಾಠ, ಚಳಿಗಾಲದ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅನ್ನುವ ಪ್ರಶ್ನೆ. ಗಾಡಿ ಏರಿ ದಾಟುವಾಗ ಪಾಠ ಫೋನಿಗೆ ಇಳಿಯಲಿ, ರಾತ್ರಿ ಮನೆಗೆ ಬಂದು ಕೇಳಲಿ ಎಂದು ಅವರ ಎಣಿಕೆ. ಹುಡುಗರು ಉತ್ತರವನ್ನೂ ದನಿ ಮಾಡಿ ಕಳಿಸತೊಡಗಿದಾಗ ಅವರಿಗೆ ಖುಷಿಯಾಯಿತು. ಸುದ್ದಿ ಶಿಕ್ಷಣ ಇಲಾಖೆಯ ಮೇಲಿನವರವರೆಗೂ ಹೋಯಿತು. ಒಂದು ದಿನ ಅಮರಪ್ಪನವರು ಮುಖ ಅರಳಿಸಿಕೊಂಡು ಬಂದರು.

“ಸಾಹೇಬ್ರು ಭಾಳ ಖುಷ್ ಆಗ್ಯಾರವ್ವ. ಹೊಲದಾಗ ಆನ್‌ಲೈನ್ ಪಾಠ ಅಂತ ಎಲ್ಲಾ ಸಾಲಿಗಿ ತೋರಸ್ತಾರಂತ. ಹುಡುಗ್ರು ಫೋನ್ ಹಿಡಿದಿದ್ದು ಒಂದು ಫೋಟೊ ಕೇಳ್ಯಾರ. ಖರೆ, ಹತ್ತಿ ಗಿಡ ಕಾಣಬಾರದಂತ.”

“ಹೊಲದಾಗ ತೆಗೆದ ಫೋಟೊದಾಗ ಗಿಡ ಕಾಣಬಾರದ್ರಿ?”

“ಹಾಂ. ಫೋನ್ ಕಾಣಬೇಕು.”

ಓದುಗರೇ, ಆ ಮಾತನ್ನು ಇನ್ನೊಂದು ಸಲ ಓದಿ. ನಮ್ಮ ಆಡಳಿತವೆಲ್ಲ ಅದರಲ್ಲಿದೆ.

ಹಣಮಂತಮ್ಮ ಫೋಟೊ ತೆಗೆಯಲೆಂದೇ ಹೊಲಕ್ಕೆ ಹೋದರು. ಬದುವಿನ ಮೇಲೆ ಸ್ಕೂಟಿ ನಿಲ್ಲಿಸಿ ಒಳಗೆ ನಡೆದಾಗ ಮೊದಲು ಕೇಳಿದ್ದು ಅವರದೇ ದನಿ. ಹತ್ತಿ ಗಿಡಗಳ ನಡುವಿನಿಂದ ಬರುತ್ತಿತ್ತು: “ಮಕ್ಕಳೇ, ಈಗ ನಿಮ್ಮ ಸುತ್ತ ಒಮ್ಮೆ ನೋಡಿರಿ.” ಮೋನಮ್ಮ ಸುತ್ತ ನೋಡುತ್ತಿರಲಿಲ್ಲ. ಫೋನನ್ನು ಉಡಿಯೊಳಗೆ ಹತ್ತಿಯ ನಡುವೆ ಇಟ್ಟುಕೊಂಡಿದ್ದಳು. ಎರಡೂ ಕೈ ಎರಡು ಕಡೆಯ ಗಿಡದಲ್ಲಿ ಓಡುತ್ತಿದ್ದವು. ಪ್ರಶ್ನೆ ಬಂದಾಗ ಬಾಯಿ ಉತ್ತರ ಹೇಳುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ. ಬೆರಳುಗಳಿಗೆ ಬಟ್ಟೆಯ ಚಿಂದಿ ಸುತ್ತಿದ್ದಳು.

ಭಾಗಣ್ಣ ಗಿಡ ಸರಿಸುತ್ತ ಎದುರಿಗೆ ಬಂದರು. ಮುಖದಲ್ಲಿ ನಿಜವಾದ ಗೌರವವಿತ್ತು.

“ಬರ್ರಿ ಅಕ್ಕೋರ, ಬರ್ರಿ. ನಿಮ್ಮ ಪಾಠ ಜಬರ್ದಸ್ತ್ ಆಗ್ಯಾವ್ರಿ. ಮೊದಲ ಈ ಹುಡುಗ್ರು ಮಧ್ಯಾಹ್ನ ಆತಂದ್ರ ಬ್ಯಾಸರ ಆಗಿ ಅಳ್ತಿದ್ವು, ಮನಿಗಿ ಹೋಗ್ತೀನಿ ಅಂತಿದ್ವು. ಈಗ ನಿಮ್ಮ ದನಿ ಕೇಳ್ಕೋತ ಸಾಲ ಮುಗಸ್ತಾವ. ಬರದವ್ರು ಸೈತ ಬರಾಕತ್ಯಾರ.”

“ಯಾರು?”

“ಸಾಲ್ಯಾಗ ಉಳಿದಿದ್ರಲ್ರಿ, ಅವ್ರು. ಸಾಲಿ ಹೊಲದಾಗs ಸಿಗ್ತದಂದ ಮ್ಯಾಲ ಅಲ್ಲಿ ಕುಂತು ಏನ ಮಾಡೋದು ಅಂತ ಅವ್ರವ್ವಗೋಳು ಕಳಿಸ್ಯಾರ.”

ಹಣಮಂತಮ್ಮ ಬಗ್ಗಿ ಮೋನಮ್ಮನ ಉಡಿಯಿಂದ ಫೋನ್ ತೆಗೆದು ತಮ್ಮ ದನಿಯನ್ನು ತಾವೇ ಬಾಯಿಮುಚ್ಚಿಸಿದರು. ಆಮೇಲೆ ಬಂದ ನಿಶ್ಶಬ್ದದಲ್ಲಿ ಹತ್ತಿ ಕೀಳುವ ಟಕ್ ಟಕ್ ಸದ್ದು ಎಲ್ಲ ಸಾಲುಗಳಿಂದ ಕೇಳಿಸಿತು.

“ಭಾಗಣ್ಣಾ, ಇವತ್ತಿಗಿ ಫೋನಿನ ಪಾಠ ಬಂದ್.”

“ಯಾಕ್ರಿ ಅಕ್ಕೋರ? ಕಾಲುವಿ ಬಂದ್ ಆದಂಗ?”

“ಹೌದಪ. ಇನ್ನ ಪಾಠ ಸಾಲ್ಯಾಗ ಅಷ್ಟs.”

“ನೀವು ಬಂದ್ ಮಾಡಿದ್ರ ಹುಡುಗ್ರು ಬರೋದು ಬಿಡ್ತಾರೇನ್ರಿ?” ಭಾಗಣ್ಣ ನಕ್ಕರು. “ಅಳ್ಕೋತ ಬಿಡಸ್ತಾರ. ಅಷ್ಟs ಫರಕ್.”

ಅಮರಪ್ಪನವರು ತಲೆಯ ಮೇಲೆ ಕೈ ಹೊತ್ತರು. ಮೇಲಿನವರು ಹೊಗಳಿದ್ದನ್ನು ಯಾರಾದರೂ ನಿಲ್ಲಿಸುತ್ತಾರೆಯೇ? “ಫೋಟೊ ಏನಂತ ಕಳಿಸ್ಲಿ?” ಎಂದು ಕೇಳಿದರು. ಹಣಮಂತಮ್ಮ ಫೋನ್ ತೆಗೆದು, ಖಾಲಿ ಕ್ಲಾಸಿನ ಫೋಟೊ ಹೊಡೆದು, ಬ್ಲೂಟೂತಿನಲ್ಲಿ ಅವರ ಫೋನಿಗೆ ಕಳಿಸಿದರು. “ಇದರಾಗ ಗಿಡ ಕಾಣಂಗಿಲ್ರಿ ಸರ. ಕಳಸ್ರಿ.” ಅಮರಪ್ಪನವರು ಕಳಿಸಲಿಲ್ಲ. ಆದರೆ ಅಳಿಸಲೂ ಇಲ್ಲ.

ಶನಿವಾರದ ವಿಡಿಯೊ ಮಾತ್ರ ಹಣಮಂತಮ್ಮ ನಿಲ್ಲಿಸಲಿಲ್ಲ. ಸರದಿಗೆ ಮಕ್ಕಳಿರಲಿಲ್ಲ, ತಾವೇ ಹಿಡಿದರು. ಮುಂದಿನ ಹೊಲ, ಕಾಲುವೆ ಏರಿ, ಆಕಾಶ. ಆಮೇಲೆ ಒಳಗೆ ತಿರುಗಿಸಿ ಕ್ಲಾಸು. ದನಿ ಕೊಡುವವಳಿಲ್ಲ, ಬೇರೆ ದನಿ ಹಾಕಲಿಲ್ಲ. ಹೀಗೆ ನವೆಂಬರ್ ಮುಗಿಯಿತು, ಡಿಸೆಂಬರ್ ಬಂತು. ಒಂದು ದಿನ ಅವರು ಮತ್ತೆ ಮನೆಮನೆಗೆ ಹೋಗಿ ಹೇಳಿದರು. “ನಿಮ್ಮ ಮಕ್ಕಳು ಟಿವಿಯಾಗ ಬಂದಾರ. ಸಂಜಿಗಿ ಎಲ್ಲಾರೂ ಬಂದು ನೋಡ್ರಿ.”

ಅಂಥ ಮಾತಿಗೆ ಯಾರು ಬರುವುದಿಲ್ಲ? ಹೊಲದಿಂದ ಬಂದವರು ಬಂದ ಹಾಗೇ, ತಲೆಯಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡೇ ಶಾಲೆಯ ಅಂಗಳದಲ್ಲಿ ಕೂತರು. ಭಾಗಣ್ಣ ಟಂಟಂ ಹೊರಗೆ ನಿಲ್ಲಿಸಿ ಗೋಡೆಗೆ ಒರಗಿ ನಿಂತರು. ಅಮರಪ್ಪನವರೇ ಟಿವಿಯನ್ನು ಹೊರಗೆ ತಂದು ಪಡಸಾಲೆಯಲ್ಲಿ ಇಟ್ಟರು, ಹೂವಿನ ಬಟ್ಟೆಯಿಂದ ಒರೆಸಿದರು.

ಪರದೆಯ ಮೇಲೆ ಮೊದಲು ಜೂನ್ ಬಂತು. ಕೆಂಪು ಮಣ್ಣು ಹಸಿಯಾಯಿತು. “ಅಲ್ನೋಡ, ನಿನ್ನ ಮಗ!” “ಮೂಗ ಒರಸ್ಕೊಳೋ ಬಾಡ್ಯಾ, ಟಿವಿಯಾಗ ಬಂದೀದಿ!” ಜುಲೈ ಮುಗಿಯುತ್ತ ಕಾಲುವೆಗೆ ನೀರು ಬಂತು, ಮುಂದಿನ ನೊರೆಯ ಜೊತೆ ಓಡುವ ಮಕ್ಕಳ ಕೇಕೆ ಬಂತು. ಆಗಸ್ಟಿನಲ್ಲಿ ಹತ್ತಿಯ ಹೂವು. ಮೋನಮ್ಮನ ದನಿ, ನಾಚಿಕೆಯ ಮಾತು. ಇಡೀ ಅಂಗಳ ನಕ್ಕಿತು. ಕರೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಗಳನ್ನು ತಿವಿದರು. ಪ್ರತಿ ಶನಿವಾರ ಹೊಲ, ಏರಿ, ಆಕಾಶ, ತಿರುಗಿ ತುಂಬಿದ ಕ್ಲಾಸು.

ನವೆಂಬರ್ ಬಂತು. ಹೊಲ ಬೆಳ್ಳಗಿತ್ತು. ಫೋನ್ ಒಳಗೆ ತಿರುಗಿತು. ಖಾಲಿ ಕ್ಲಾಸು.

ಕಿಟಕಿಯ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಒಂದು ಪಾರಿವಾಳ ಟೀಚರ ಕುರ್ಚಿಯ ಮೇಲೆ ಕೂತಿತ್ತು. ದನಿ ಇಲ್ಲ. ಮುಂದಿನ ಶನಿವಾರ. ಖಾಲಿ ಕ್ಲಾಸು. ಅದರ ಮುಂದಿನದು. ಖಾಲಿ.

“ಟಿವಿ ಕೆಟ್ಟದೇನ್ರಿ?” ಯಾರೋ ಕೂಗಿದರು.

“ಮುಂದ ಹಾಕ್ರಿ ಅಕ್ಕೋರ!”

“ಕೆಟ್ಟಿಲ್ಲ,” ಅಂದರು ಹಣಮಂತಮ್ಮ. “ಇದು ಹತ್ತಿ ಕಾಲದ ಪಾಠ. ಇದನ್ನೂ ನೋಡ್ರಿ.”

ಅವರು ಮುಂದೆ ಹಾಕಲಿಲ್ಲ. ಪಾರಿವಾಳ ಹಾರಿಹೋಯಿತು. ದೂರದಲ್ಲಿ ಟಂಟಂ ಹಾರ್ನ್ ಕೇಳಿತು, ಅದೂ ವಿಡಿಯೊದೊಳಗಿನದೇ. ಕರೆಮ್ಮ ಪರದೆಯ ಕಡೆ ಬೊಟ್ಟು ಮಾಡಿದರು.

“ಆ ಗ್ವಾಡಿ ಬಾಜೂಕಿನ ಜಾಗ ಯಾರದು? ಗ್ವಾಡಿ ಮ್ಯಾಲ ಹೂವ ಬರದದ್ದು?”

“ನಂದವ್ವ,” ಅಂದಳು ಮೋನಮ್ಮ. “ಹೂವನೂ ನಾನೇ ಬರದೀನಿ.”

ಕರೆಮ್ಮ ಕೈ ಇಳಿಸಲಿಲ್ಲ. ಭಾಗಣ್ಣನಿಗೆ ಅಲ್ಲಿಯ ಗಾಳಿ ಬದಲಾದದ್ದು ತಿಳಿಯಿತು.

“ಮಕ್ಕಳ ಸಿನಿಮಾ ತೋರಸ್ತೀನಂತ ಕರೆದು ನ್ಯಾಯ ಪಂಚಾಯ್ತಿ ಮಾಡಾಕತ್ತೀರೇನ್ರಿ ಅಕ್ಕೋರ? ಹತ್ತಿ ಯಾರ ಬಿಡಸಬೇಕು, ನೀವು ಬರ್ತೀರೇನು?”

“ದೊಡ್ಡವ್ರು ಬಿಡಸಬೇಕು.”

“ಸಣ್ಣ ಕೈ ಜಲ್ದಿ ಬಿಡಸ್ತಾವ.”

“ಜಲ್ದಿ ಬರೀತಾವ ಸೈತ. ಪರೀಕ್ಷಾ ಬಂದದ. ಈಗ ಕುಂತ್ರ ಮೋನಮ್ಮ ವಸತಿ ಸಾಲಿಗಿ ಹೋಗ್ತಾಳ. ಕುಂದ್ರಲಿಲ್ಲಂದ್ರ ನಿನ್ನ ಗಾಡಿ ಹಲಗಿ ಮ್ಯಾಲs ದೊಡ್ಡಾಕಿ ಆಗ್ತಾಳ.”

ಭಾಗಣ್ಣ ಏನೋ ಹೇಳುವಷ್ಟರಲ್ಲಿ ಕರೆಮ್ಮ ಎದ್ದರು. “ಭಾಗಣ್ಣಾ, ನಿನ್ನ ಮಗ ಯಾವ ಸಾಲಿಗಿ ಹೋಗ್ತಾನ?”

“ಅದ್ಯಾಕ ಈಗ?”

“ಹೇಳಪ.”

“ಶಹಾಪುರದಾಗ. ಇಂಗ್ಲಿಷ್ ಸಾಲಿಗಿ.”

“ಅಂವಗ ಹತ್ತಿ ಕಾಲ ಇಲ್ಲೇನು?”

ಅಂಗಳದಲ್ಲಿ ಒಬ್ಬರು ಕಿಸಕ್ಕನೆ ನಕ್ಕರು. ಆ ನಗೆ ಹರಡಲಿಲ್ಲ.

“ನಾಳಿಂದ ನನಗ ಒಂದs ಸಾಲು ಕೊಡು. ನಾನೊಬ್ಬಾಕೆ ಬರ್ತೀನಿ,” ಅಂದರು ಕರೆಮ್ಮ. “ಮೋನಿ ಬರಂಗಿಲ್ಲ.”

“ಜೋಡಿ ಇಲ್ದವ್ರಿಗಿ ಗಾಡ್ಯಾಗ ಜಾಗ ಇಲ್ಲವ್ವ.”

“ಬ್ಯಾಡ ಬಿಡು.”

ಮರುದಿನ ಬೆಳಗ್ಗೆ ಕರೆಮ್ಮ ರೊಟ್ಟಿ ಕಟ್ಟಿಕೊಂಡು, ಶಾಲೆಯ ಹತ್ತಿರ ಟಂಟಂ ಬಂದು ನಿಲ್ಲುವ ಬೇವಿನ ಮರದ ಕೆಳಗೆ ನಿಂತರು, ಒಬ್ಬರೇ. ಮೋನಮ್ಮ ಪಾಟೀಚೀಲ ಹಾಕಿಕೊಂಡು ಶಾಲೆಯ ಮೆಟ್ಟಿಲ ಮೇಲೆ ನಿಂತಿದ್ದಳು, ತಾಯಿಯ ಕಡೆ ಓಡಿಬಿಡುವ ಹಾಗೆ. ಹಣಮಂತಮ್ಮ ಹುಡುಗಿಯ ಹೆಗಲ ಮೇಲೆ ಕೈ ಇಟ್ಟಿದ್ದರು. ಟಂಟಂ ಬಂತು, ನಿಂತಿತು. ಭಾಗಣ್ಣ ಕರೆಮ್ಮನನ್ನು ನೋಡಿದರು, ಹತ್ತು ಅನ್ನಲಿಲ್ಲ. ಗಾಡಿ ಹೋಯಿತು. ಮೋನಮ್ಮ, “ಅಕ್ಕೋರ, ನಾ ಹೋಗ್ತೀನ್ರಿ, ಅವ್ವ ಒಬ್ಬಾಕೆ ನಿಂತಾಳ” ಅಂದಳು. ಅವ್ವ ಅಲ್ಲಿಂದಲೇ ಕೂಗಿದರು: “ಒಳಗ ಹೋಗs! ಕಾಲ ಮುರೀತೀನಿ ಬಂದ್ರ!”

ಅದಕ್ಕಿಂತ ದೊಡ್ಡ ಪ್ರೀತಿಯ ಮಾತನ್ನು ನೀವು ಬೇರೆ ಕಡೆ ಹುಡುಕಿಕೊಳ್ಳಿ.

ಅದರ ಮರುದಿನ ಮರದ ಕೆಳಗೆ ಕರೆಮ್ಮನ ಜೊತೆ ದೇವಕಮ್ಮ ನಿಂತಿದ್ದರು, ಅವರ ಮಗ ಮೆಟ್ಟಿಲ ಮೇಲೆ. ಆಮೇಲೆ ಸುಂದ್ರಮ್ಮ. ಎಲ್ಲರೂ ನಿಂತರು ಎಂದು ನಾನು ಸುಳ್ಳು ಹೇಳುವುದಿಲ್ಲ. ಹೆಚ್ಚಿನವರು ಜೋಡಿಯಾಗಿಯೇ ಗಾಡಿ ಹತ್ತಿದರು, ಮುಖ ಆ ಕಡೆ ತಿರುಗಿಸಿಕೊಂಡು. ಆದರೆ ಹತ್ತಿಗೆ ಕಾಯುವ ಗುಣವಿಲ್ಲ. ರಾತ್ರಿ ಮಂಜು ಇಳಿಯತೊಡಗಿದಾಗ, ಬಿಡಿಸದ ಸಾಲು ಹೊಲದ ಒಡೆಯರ ಕಣ್ಣಿಗೆ ಬಿದ್ದಾಗ, ಭಾಗಣ್ಣನ ಗಾಡಿ ಬೇವಿನ ಮರದ ಕೆಳಗೆ ತಾನಾಗಿ ನಿಂತಿತು.

“ಹತ್ರಿ, ಹತ್ರಿ. ಒಬ್ಬೊಬ್ಬಾರೇ ಹತ್ರಿ. ಏನ ಹೆಣ್ಮಕ್ಕಳಪ್ಪ ನೀವು!”

“ಒಂದs ಸಾಲು,” ಅಂದರು ಕರೆಮ್ಮ, ಕಾಲು ಎತ್ತುವ ಮೊದಲು.

“ಆತವ್ವ, ಒಂದs ಸಾಲು.”

ಆ ಶನಿವಾರದ ವಿಡಿಯೊ ನೋಡಿದ್ದೇನೆ. ಹೊಲ, ಏರಿ, ಆಕಾಶ. ಫೋನ್ ಒಳಗೆ ತಿರುಗಿದಾಗ ಕ್ಲಾಸಿನಲ್ಲಿ ಮೂವರು. ಗೋಡೆಯ ಬದಿಗೆ ಕೂತವಳು ಬಟ್ಟೆ ಸುತ್ತಿದ ಬೆರಳಿನಿಂದ ಪುಟ ತಿರುವುತ್ತ ಹೇಳುತ್ತಾಳೆ: “ಇದು ಹತ್ತಿ ಕಾಲ. ಈ ಸಲ ಸಾಲಿ ಕಾಲ ಸೈತ ಇದೇ.” ಮೋನಮ್ಮ ಪರೀಕ್ಷೆ ಬರೆದಳು. ಈಗ ವಸತಿ ಶಾಲೆಯಲ್ಲಿ ಆರನೇ ಕ್ಲಾಸು ಓದುತ್ತಿದ್ದಾಳೆ. ಅಲ್ಲಿಯ ಹಾಜರಿಯಲ್ಲಿ ಅವಳ ಹೆಸರು ಪೆನ್ನಿನಲ್ಲಿದೆ. ಸೇರಿಸಲು ಹೋದಾಗ ಹಣಮಂತಮ್ಮ ಅದನ್ನು ಕಣ್ಣಾರೆ ನೋಡಿಯೇ ಎದ್ದು ಬಂದರು.

ಮೂವರು. ಆ ಕ್ಲಾಸಿನ ಉಳಿದ ಜಾಗ ಖಾಲಿ ಇತ್ತು. ಟಿವಿ ಇದೆ, ಪಾಠ ಇದೆ, ಏರಿಯ ಮೇಲೆ ಕೂತು ದಿನಾ ಬೆಳಗ್ಗೆ ಹೊಸದನ್ನು ಹಿಡಿದು ತರುವ ಟೀಚರ್ ಇದ್ದಾರೆ. ಹೆಡ್‌ಮಾಸ್ತರರು ಟಿವಿಯ ಬಟ್ಟೆಯನ್ನು ಕಿಟಕಿಗೆ ಪರದೆ ಮಾಡಿದ್ದಾರೆ. ಕರೆಮ್ಮ ತಮ್ಮ ಪಾಲಿನದನ್ನು ಮಾಡಿದರು. ಗಾಡಿ ಹೋದ ದಾರಿ ನೋಡುತ್ತ, ಕಟ್ಟಿದ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಮಾಡಿದರು. ಹೊಲ ಇರುವವರು ಏನು ಮಾಡಿದ್ದೀರಿ?

ಈ ವರ್ಷದ ಹತ್ತಿ ಒಡೆಯತೊಡಗಿದೆ. ನಿಮ್ಮದೂ ಒಡೆದಿದೆ. ನಾಳೆ ಬೆಳಗ್ಗೆ ಟಂಟಂ ನಿಮ್ಮ ಹೊಲದ ಬದುವಿಗೆ ಬಂದು ನಿಂತಾಗ ಮನೆಯಲ್ಲಿ ಚಹಾ ಕುಡಿಯುತ್ತ ಕೂರಬೇಡಿ, ಅಲ್ಲಿಗೆ ಹೋಗಿ. ಹಿಂದಿನ ಹಲಗೆಯ ಮೇಲೆ ಇಳಿಬಿದ್ದ ಸಣ್ಣ ಕಾಲುಗಳನ್ನು ನಿಮ್ಮ ನೆಲಕ್ಕೆ ಇಳಿಸಬೇಡಿ. ತಾಯಿಗೆ ಒಬ್ಬಳಿಗೇ ಸಾಲು ಕೊಡಿ, ಜೋಡಿ ಕೇಳಬೇಡಿ. ಆ ಮಕ್ಕಳನ್ನು ಬಂದ ಗಾಡಿಯಲ್ಲೇ ತಿರುಗಿಸಿ, ನೀವೇ ಜೊತೆಗೆ ಕೂತು, ಶಾಲೆಯ ಮೆಟ್ಟಿಲವರೆಗೆ ಬಿಟ್ಟು ಬನ್ನಿ.